ಪಕ್ಷ ಆಮೇಲೆ, ಮೊದಲು ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಓದಲು ಕಲಿಯಿರಿ

ಇಪ್ಪತ್ತು ವರ್ಷ, ಕಲಬುರಗಿಯಲ್ಲಿ ಡಿಗ್ರಿ, ಊರಿಗೆ ಏನಾದರೂ ಮಾಡಬೇಕು, ಯಾವ ಪಕ್ಷದ ಯುವ ಘಟಕ ಸೇರಲಿ ಅಂತ ಕೇಳಿದ್ದೀರಿ. ಇದೇ ವಯಸ್ಸಿನಲ್ಲಿ ನಾನೂ ಇದನ್ನೇ ಕೇಳುತ್ತ ತಿರುಗಿದವನು. ಸದ್ಯ ಯಾವುದನ್ನೂ ಸೇರಬೇಡಿ. ಬ್ಯಾನರ್ ಕಟ್ಟೋದು, ಸ್ಟೇಟಸ್ ಹಾಕೋದು ಬಿಟ್ಟು ಅಲ್ಲಿ ಹುಡುಗರಿಗೆ ಬೇರೆ ಕೆಲಸ ಕೊಡುವುದು ಕಡಿಮೆ.

ಜೇವರ್ಗಿ ತಾಲೂಕಿನ ನಮ್ಮೂರ ಓಣಿಯ ಸಿಸಿ (ಕಾಂಕ್ರೀಟು) ರಸ್ತೆ ಮೊದಲ ಮಳೆಗೇ ಅಂಚು ಬಿಟ್ಟಿತು. ಪಂಚಾಯಿತಿಗೆ ಮಾಹಿತಿ ಹಕ್ಕಿನ ಅರ್ಜಿ ಕೊಟ್ಟೆ: ಎರಡು ಪುಟ, ರಸ್ತೆ, ಚರಂಡಿ, ಬೀದಿದೀಪ ಎಲ್ಲ ಒಂದರಲ್ಲೇ. "ಕಳಪೆ ಕೆಲಸ ಯಾಕಾಯಿತು, ಕ್ರಮ ಯಾಕಿಲ್ಲ?" ಅಂತ ಬರೆದಿದ್ದೆ.

ಆ "ಯಾಕೆ"ಯೇ ನನ್ನನ್ನು ಕೆಡಿಸಿತು. 2005ರ ಕಾಯ್ದೆಯಲ್ಲಿ ಸಿಗುವುದು ಕಡತದಲ್ಲಿ ಈಗಾಗಲೇ ಇರುವ ದಾಖಲೆ ಮಾತ್ರ. ಕಾರಣ ಹೊಸದಾಗಿ ಬರೆದುಕೊಡುವ ಹೊಣೆ ಅಧಿಕಾರಿಗಿಲ್ಲ. ಮೇಲಾಗಿ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಈ ಎರಡನ್ನೂ ಹಿಡಿದು, ಅರ್ಜಿ ತಿರಸ್ಕರಿಸಿ ತಿಂಗಳ ಕೊನೆಗೆ ಒಂದು ಸಾಲಿನ ಹಿಂಬರಹ ಬಂತು. ನಾನು ಸಿಟ್ಟಿನಲ್ಲಿ ಸುಮ್ಮನೆ ಕೂತೆ. ಅಷ್ಟರಲ್ಲಿ ಅಂಚಿಗೆ ಮೊರಂ ಬಿತ್ತು, ದಪ್ಪ ಅಳೆಯಲು ಜಾಗವೇ ಉಳಿಯಲಿಲ್ಲ.

ಹೀಗೆ ಬರೆಯಬೇಕಿತ್ತು: "ಇಂಥ ಓಣಿಯ ಸಿಸಿ ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಬಿಲ್ಲು, ಇವುಗಳ ದೃಢೀಕೃತ ನಕಲು ಕೊಡಿ." ಕಾರಣ ಹೇಳಬೇಕಿಲ್ಲ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ನಕಲಿಗೆ ಪುಟಕ್ಕೆ 2 ರೂಪಾಯಿ. 30 ದಿನ ಕಳೆದರೂ ಕೊಡದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ). ಎರಡನೆಯದು ಮಾಹಿತಿ ಆಯೋಗಕ್ಕೆ, ಅದಕ್ಕೆ 90 ದಿನ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿಗೆ ಓಡುವುದು ಬೇಡ.

ನಕಲು ಸಿಕ್ಕ ದಿನವೇ ಟೇಪು ಹಿಡಿಯಿರಿ. ಎಂ.ಬಿ.ಯಲ್ಲಿ ಉದ್ದ, ಅಗಲ, ದಪ್ಪ ಬೇರೆ ಬೇರೆ ಕಾಲಂನಲ್ಲಿರುತ್ತವೆ. ಉದ್ದ ಅಗಲದಲ್ಲಿ ಮೋಸ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಕದಿಯುವುದು ದಪ್ಪದಲ್ಲಿ. 120 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪ ಅಂದರೆ 54 ಘನ ಮೀಟರ್ ಕಾಂಕ್ರೀಟು. ಅಂಚಿನಲ್ಲಿ ನಾಲ್ಕು ಕಡೆ ಅಳೆದಾಗ 10 ಸೆಂ.ಮೀ. ಬಂದರೆ ಬಿದ್ದಿರುವುದು 36. ಉಳಿದ 18ರ ದುಡ್ಡು ಎಲ್ಲಿ ಅಂತ ಕೇಳಲು ಭಾಷಣ ಬೇಕಿಲ್ಲ. ಕಾಂಕ್ರೀಟಿನ ದೃಢೀಕೃತ ಮಾದರಿ ಕೇಳುವ ಹಕ್ಕೂ ಇದೇ ಕಾಯ್ದೆಯಲ್ಲಿದೆ, ಬಹಳ ಜನ ಬಳಸುವುದೇ ಇಲ್ಲ.

ವೋಟರ್ ಲಿಸ್ಟಿನಲ್ಲಿ ಹೆಸರಿಲ್ಲದಿದ್ದರೆ ಇವತ್ತೇ ನಮೂನೆ 6 ತುಂಬಿ. 21 ತುಂಬಿದ ಮೇಲೆ ಗ್ರಾಮ ಪಂಚಾಯಿತಿಗೆ ನೀವೇ ನಿಲ್ಲಬಹುದು, ಪಕ್ಷದ ಚಿಹ್ನೆ ಅಲ್ಲಿ ಇಲ್ಲವೇ ಇಲ್ಲ. ಅಲ್ಲಿಯತನಕ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಗ್ರಾಮಸಭೆ ತಪ್ಪಿಸಬೇಡಿ. ಅಳತೆ ಓದಿ ಹೇಳಿ, ನಿರ್ಣಯ ನಡಾವಳಿ ಪುಸ್ತಕದಲ್ಲಿ ಬರೆಸಿ. ಖಾಲಿ ಪುಟದ ಕೆಳಗೆ ಸಹಿ ಕೇಳಿದರೆ ಹಾಕಬೇಡಿ, ಬರೆದು ಮುಗಿಯುವ ತನಕ ಅಲ್ಲೇ ಕೂತಿರಿ.