ದಾನ ಮಾಡೋಕೆ ವಿಲ್, ದಾನಪತ್ರ, ಟ್ರಸ್ಟ್: ಯಾವುದು ವಾಸಿ?

ಜಯನಗರದಲ್ಲಿ ಸ್ವಂತ ಮನೆ, ಬ್ಯಾಂಕಿನಲ್ಲಿ ಎಫ್‌ಡಿ ಇರುವ ಹಿರಿಯರು ಒಂದು ಪಾಲನ್ನು ಶಾಲೆಗೆ ಕೊಡಬೇಕೆಂದರೆ ಏನು ಹೇಳಬೇಕು ಅಂತ ಕೇಳಿದ್ದೀರಿ. ಹೆಚ್ಚಿನವರಿಗೆ ನಾನು ಹೇಳುವುದು ವಿಲ್. ಮನಸ್ಸು ಬದಲಾದರೆ ಬದಲಾಯಿಸಬಹುದು. ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿ, ಮುಂದೆ ಮಕ್ಕಳ ಜಗಳ ಕಡಿಮೆಯಾಗಬಹುದು.

ಮನೆಯನ್ನೇ ಈಗ ಕೊಡುವುದಾದರೆ ದಾನಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬದುಕಿರುವವರೆಗೆ ಅಲ್ಲೇ ವಾಸಿಸುವ ಹಕ್ಕು ಉಳಿಸಿಕೊಂಡು ಕೊಡಬಹುದು. 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ. ಆದರೆ ಆಮೇಲೆ ಸುಮ್ನೆ ವಾಪಸ್ ಪಡೆಯೋಕೆ ಆಗಲ್ಲ. ವಯಸ್ಸಾದವರಿಗೆ ಆಸ್ಪತ್ರೆ ಖರ್ಚು ಯಾವಾಗ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಇರೋ ಒಂದೇ ಮನೆಯನ್ನು ಹೀಗೆ ಬರೆದುಕೊಡಲು ನಾನು ಒಪ್ಪುವುದಿಲ್ಲ.

ತೆರಿಗೆ ಉಳಿಸಬೇಕೆಂದರೆ ಈಗಲೇ ಚೆಕ್ ಅಥವಾ ಆನ್‌ಲೈನಿನಲ್ಲಿ ಹಣ ಕೊಡಲಿ. ದಾನಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ, 80ಜಿ ಅಂತ ನಾವು ಕರೆಯುವ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಸಿಗುತ್ತದೆ. 2,000 ರೂಪಾಯಿ ಮೀರಿದ ನಗದಿಗೆ, ಆಸ್ತಿ ದಾನಕ್ಕೆ ಸಿಗಲ್ಲ. ವಿಲ್‌ನಿಂದ ತೆರಿಗೆ ಲಾಭವಿಲ್ಲ, ಸತ್ತವರ ಆಸ್ತಿ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ ಅನ್ನೋ ತೆರಿಗೆ 1985ರಲ್ಲೇ ಹೋಯಿತಲ್ವಾ.

ಸ್ವಂತ ಟ್ರಸ್ಟ್? ಪ್ರತಿವರ್ಷ ಲೆಕ್ಕ, ಆಡಿಟ್ ನೋಡಿಕೊಳ್ಳುವವರು ಮನೆಯಲ್ಲಿದ್ದರೆ ಮಾತ್ರ.