ಅಲೆಯ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆದಿಟ್ಟರೆ ನಂಬಬಹುದಾ?

ಹವಾಯಿಯ ಒವಾಹು ದ್ವೀಪದಲ್ಲಿ 1968ರಿಂದ ದಿನಾ ದಡದ ಅಲೆಗಳ ಎತ್ತರ ಬರೆದಿಟ್ಟಿದ್ದಾರೆ, ಆದರೆ ಎಲ್ಲ ಕಣ್ಣಂದಾಜು, ಅಂಥದ್ದನ್ನು ನಂಬಬಹುದಾ, ಯಂತ್ರ ಇರುವಾಗ ಅದು ಯಾಕೆ ಬೇಕು ಅಂತ ಕೇಳಿದ್ದೀರಿ. ನಂಬಬಹುದು. ಯಾಕೆ ಅಂತ ಹೇಳುತ್ತೇನೆ.

ಒಂದು ಚಳಿಗಾಲ ನಾನು ಹೊನೊಲುಲುವಿನಲ್ಲಿದ್ದೆ. ಒಂದು ಬೆಳಿಗ್ಗೆ ಉತ್ತರ ದಡದ ಸನ್‌ಸೆಟ್ ಬೀಚಿಗೆ ಹೋದರೆ ಅಲೆಗಳು ಎರಡು ಅಂತಸ್ತಿನ ಮನೆಯಷ್ಟು ಎತ್ತರ ಎದ್ದು ಒಡೆಯುತ್ತಿದ್ದವು. "ಇಪ್ಪತ್ತು ಅಡಿ ಇರಬೇಕು ಅಲ್ವಾ ಅಂಕಲ್?" ಅಂತ ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದೆ. (ಅಲ್ಲಿಯೂ ನಮ್ಮ ಹಾಗೆ ಹಿರಿಯರಿಗೆ ಅಂಕಲ್ ಅಂತಲೇ ಅನ್ನುತ್ತಾರೆ.) "ಹತ್ತು" ಅಂದರು. ಇಬ್ಬರೂ ನೋಡಿದ್ದು ಒಂದೇ ಅಲೆ.

ಅಲ್ಲಿಯ ಸರ್ಫರ್‌ಗಳ ಲೆಕ್ಕವೇ ಹಾಗೆ. ಅಲೆಯ ಮುಂಭಾಗ ಬುಡದಿಂದ ತುದಿಯವರೆಗೆ ಎಷ್ಟಿದೆಯೋ ಅದರ ಸುಮಾರು ಅರ್ಧವನ್ನು ಹೇಳುತ್ತಾರೆ. ಇದಕ್ಕೆ ಹವಾಯಿ ಅಳತೆ ಅಂತ ಹೆಸರು. ನೀವು ಕೇಳಿದ ಗೊಡಾರ್ಡ್–ಕಾಲ್ಡ್‌ವೆಲ್ ದಾಖಲೆಯೂ ಇದೇ ಅಳತೆಯಲ್ಲಿದೆ. ತಪ್ಪು ಅಳತೆ ಅನ್ನಿಸುತ್ತದೆ. ಆದರೆ ನಮ್ಮಜ್ಜಿಯ ಅಕ್ಕಿ ಪಾವು ಅಂಗಡಿಯ ಪಾವಿಗಿಂತ ಚಿಕ್ಕದಿತ್ತು. ಆದರೂ ಅನ್ನ ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ, ಯಾಕೆಂದರೆ ದಿನಾ ಅದೇ ಪಾವು. ಈ ದಾಖಲೆಯ ಬಲ ಇರುವುದೂ ಅಲ್ಲೇ. ಪ್ಯಾಟ್ ಕಾಲ್ಡ್‌ವೆಲ್ ಈ ಅಂಕಿಗಳನ್ನು ಬೋಯ್‌ಗಳ ಜೊತೆ, ಅಂದರೆ ಸಮುದ್ರದಲ್ಲಿ ತೇಲುತ್ತಾ ಅಲೆ ಅಳೆಯುವ ಯಂತ್ರಗಳ ಜೊತೆ, ಹೋಲಿಸಿ 2005ರಲ್ಲಿ ಲೇಖನ ಪ್ರಕಟಿಸಿದರು. ವರ್ಷಗಳು ಕಳೆದರೂ ನೋಡುವವರ ಅಂದಾಜು ಒಂದೇ ಹದದಲ್ಲಿತ್ತು.

ಇನ್ನು ಯಂತ್ರದ ಮಾತು. ಕೌವಾಯಿ ದ್ವೀಪದ ವಾಯವ್ಯಕ್ಕೆ ದೂರದಲ್ಲಿರುವ ಬೋಯ್ ಶುರುವಾದದ್ದು 1981ರಲ್ಲಿ. ದಡದ ಹತ್ತಿರ, ವೈಮಿಯಾ ಕೊಲ್ಲಿಯ ಎದುರು ಬೋಯ್ ಬಂದದ್ದು 2001ರ ಕೊನೆಗೆ. 1969ರ ಡಿಸೆಂಬರ್‌ನಲ್ಲಿ ಉತ್ತರ ದಡಕ್ಕೆ ಬಂದ ಅಲೆಗಳು ಮನೆಗಳನ್ನೇ ಕಿತ್ತು ಹಾಕಿದವು. ಆಗ ಈ ಯಂತ್ರಗಳು ಯಾವುವೂ ಇರಲಿಲ್ಲ. ಅಂಥ ದಿನಗಳನ್ನು ಇಂದಿನ ದಿನಗಳ ಪಕ್ಕ ಇಟ್ಟು ನೋಡಬೇಕಾದರೆ ಈ ಕಣ್ಣಂದಾಜೇ ಗತಿ.

ಅದೂ ಅಲ್ಲದೆ ಬೋಯ್ ಅಳೆಯುವುದು ಆಳದ ನೀರಿನ ಅಲೆಯನ್ನು. ದಡದಲ್ಲಿ ಒಡೆಯುವ ಅಲೆ ಬೇರೆಯೇ. ಆಳದಲ್ಲಿ ಎರಡು ಮೀಟರ್ ಇರುವ ಅಲೆ ಎಂಟು ಸೆಕೆಂಡಿಗೊಮ್ಮೆ ಬಂದರೆ ಸಾಧಾರಣ. ಅಷ್ಟೇ ಎತ್ತರದ್ದು ಹದಿನೆಂಟು ಸೆಕೆಂಡಿಗೊಮ್ಮೆ ಬಂದರೆ ದಡದಲ್ಲಿ ತುಂಬಾ ಜಾಸ್ತಿ ಏಳುತ್ತದೆ. ನೀರಿನಡಿಯ ಬಂಡೆಸಾಲು ಅಲೆಯನ್ನು ಬಗ್ಗಿಸಿ ಒಂದೇ ಕಡೆ ಕೂಡಿಸಿದರೆ ಇನ್ನೂ ಎತ್ತರ. ನಮ್ಮ ಮಲ್ಪೆ, ಕಾರವಾರದ ಎದುರು ಸಮುದ್ರದ ತಳ ಬಹಳ ದೂರದವರೆಗೆ ನಿಧಾನವಾಗಿ ಇಳಿಯುತ್ತದೆ. ಬರುವ ಅಲೆ ದಾರಿಯಲ್ಲೇ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಒವಾಹುವಿನಲ್ಲಿ ತಳ ಕಡಿದಾಗಿದೆ, ಹಾಗಾಗಿ ಉತ್ತರ ಪೆಸಿಫಿಕ್‌ನ ಬಿರುಗಾಳಿ ಎಬ್ಬಿಸಿದ ಅಲೆ ನೇರ ದಡಕ್ಕೇ ಬಂದು ಬಡಿಯುತ್ತದೆ. ಜೀವರಕ್ಷಕರಿಗೆ, ದಡದಲ್ಲಿ ಮನೆ ಕಟ್ಟುವವರಿಗೆ ಬೇಕಾದದ್ದು ಆ ಎತ್ತರ. ಅದನ್ನು ದಡದಲ್ಲಿ ನಿಂತವರೇ ನೋಡಿ ಬರೆಯಬೇಕಿತ್ತು, ಬರೆದರು. ಇಷ್ಟು ವರ್ಷ ಬಿಡದೆ ಬರೆದವರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಕೊರತೆಗಳೂ ಇವೆ. ರಾತ್ರಿ ಏನೂ ಕಾಣುವುದಿಲ್ಲ. ಅಲೆ ನಡುರಾತ್ರಿ ಏರಿ ಬೆಳಗಾಗುವಷ್ಟರಲ್ಲಿ ಇಳಿದರೆ ಆ ಏರು ಪುಸ್ತಕಕ್ಕೆ ಬರುವುದೇ ಇಲ್ಲ. ತೀರಾ ದೊಡ್ಡ ಅಲೆಗಳು ದಡದಿಂದ ದೂರ ಒಡೆಯುತ್ತವೆ, ಅಲ್ಲಿ ಅಂದಾಜು ಮಾಡುವುದು ಕಷ್ಟ.

ನೀವು ಈ ಅಂಕಿಗಳನ್ನು ಬಳಸುವುದಾದರೆ ಮುಂಭಾಗದ ಎತ್ತರಕ್ಕೆ ಸುಮಾರು ಎರಡರಿಂದ ಗುಣಿಸಿ. ಬೋಯ್ ಅಂಕಿಯ ಜೊತೆ ಸುಮ್ನೆ ಹಾಗೇ ಹೋಲಿಸಬೇಡಿ. ಉತ್ತರ ದಡದ್ದನ್ನೂ ದಕ್ಷಿಣದ್ದನ್ನೂ ಬೆರೆಸಬೇಡಿ: ಉತ್ತರದಲ್ಲಿ ದೊಡ್ಡ ಅಲೆ ಚಳಿಗಾಲಕ್ಕೆ, ದಕ್ಷಿಣದಲ್ಲಿ ಬೇಸಿಗೆಗೆ, ಅದೂ ಭೂಮಧ್ಯರೇಖೆಯ ಆಚೆ ನ್ಯೂಜಿಲೆಂಡ್ ಕಡೆಯ ಬಿರುಗಾಳಿಗಳಿಂದ. ಒಂದೊಂದು ದಿನದ ಅಂಕಿಗೆ ಜೋತು ಬೀಳದೆ ತಿಂಗಳ ಸರಾಸರಿ ತೆಗೆಯಿರಿ. 1997–98ರ ಎಲ್ ನಿನೊ ಚಳಿಗಾಲದಿಂದ ಶುರು ಮಾಡಿ. 1998ರ ಜನವರಿ 28ರಂದು ಉತ್ತರ ದಡದಲ್ಲಿ ಯಾರೂ ನೀರಿಗಿಳಿಯದಂತೆ ತಡೆದಿದ್ದರು.