ತವರಿಂದ ತಂದ ಡೇರೆ ಗಡ್ಡೆ ಕೊಳೀತಿದೆ!

ಪ್ರಶ್ನೆ: ಅಕ್ಕಾ, ತವರಿಂದ ಆಸೆಪಟ್ಟು ತಂದ ಡೇರೆ ಹೂವಿನ (ಡೇಲಿಯಾ) ಗಡ್ಡೆನ ಪಾಟಲ್ಲಿ ಹಾಕಿದ್ದೆ, ಮಳೆ ಹಿಡಿದ್ಮೇಲೆ ಎರಡು ಕೊಳೆತೇ ಹೋದ್ವು, ಚಿಗುರಿದ್ದನ್ನ ರಾತ್ರಿ ಯಾವ್ದೋ ಹುಳ ಮೇಯ್ತಿದೆ. ಏನ್ಮಾಡ್ಲಿ?
– ಓದುಗರು, ಮೂಡಿಗೆರೆ

ಉತ್ತರ: ಅಯ್ಯೋ, ತವರಿನ ಗಡ್ಡೆ ಹೋದ್ರೆ ಎಷ್ಟು ಹೊಟ್ಟೆ ಉರಿಯುತ್ತೆ ಅಂತ ನಂಗೂ ಗೊತ್ತು ಕಣ್ರೀ. ಡೇರೆ ಮೂಲತಃ ಮೆಕ್ಸಿಕೋದ್ದು, ನಮ್ಮ ಮಲೆನಾಡಿಗೆ ಚೆನ್ನಾಗೇ ಹೊಂದ್ಕೊಂಡಿದೆ, ಆದ್ರೆ ಬುಡದಲ್ಲಿ ನೀರು ನಿಂತ್ರೆ ಮುಗೀತು. ಮೊದ್ಲು ಪಾಟಿನ ತೂತು ಕಟ್ಟಿದ್ಯಾ ನೋಡಿ. ಉಳಿದ ಗಡ್ಡೆ ತೆಗೆದು ಮೆತ್ತಗಾಗಿರೋ ಭಾಗ ಕುಯ್ದು ಒಂದಿನ ನೆರಳಲ್ಲಿ ಆರಿಸಿ, ಮಣ್ಣಿಗೆ ಧಾರಾಳವಾಗಿ ಮರಳು ಬೆರೆಸಿ ನೆಡಿ, ಸೂರಿನ ನೀರು ಬೀಳದ ಕಡೆ ಇಡಿ. ಕುಯ್ಯುವಾಗ ಗಡ್ಡೆಯ ಕತ್ತಿನ ಹತ್ರ, ಅಂದ್ರೆ ಅದು ಕಾಂಡಕ್ಕೆ ಸೇರೋ ಕಡೆ ಇರೋ ಕಣ್ಣು (ಚಿಗುರು ಒಡೆಯೋ ಮೊಗ್ಗು) ಉಳೀಬೇಕು, ಗಡ್ಡೆ ಎಷ್ಟೇ ದಪ್ಪ ಇದ್ರೂ ಕಣ್ಣಿಲ್ದಿದ್ರೆ ಚಿಗುರಲ್ಲ.

ಬೆಳಗ್ಗೆ ಎಲೆ ಮೇಲೆ ಹೊಳೆಯೋ ಲೋಳೆ ಗೆರೆ ಇದ್ರೆ ಅದು ಬಸವನಹುಳನೇ. ರಾತ್ರಿ ಟಾರ್ಚ್ ಹಿಡ್ಕೊಂಡು ಆರಿಸಿ ಬಕೆಟ್ಟಿನ ಉಪ್ಪುನೀರಿಗೆ ಹಾಕಿ, ಗಿಡದ ಬುಡಕ್ಕಂತೂ ಉಪ್ಪು ಉದುರಿಸ್ಬೇಡಿ. ಬೂದಿ ಚೆಲ್ಲಿ ಅಂತಾರೆ ನಮ್ಮತ್ತೆ, ಜುಲೈ ಮಳೇಲಿ ನೆನೆದ ಬೂದಿಗೆ ಯಾವ ಹುಳ ಹೆದರುತ್ತೆ ಹೇಳಿ! 4 ಜೊತೆ ಎಲೆ ಬಂದಾಗ ತುದಿ ಚಿವುಟಿ, ಕೋಲು ಕೊಡಿ. ಬಣ್ಣ ಯಾವ್ದು ಅಂತ ಬರೀಲೇ ಇಲ್ವಲ್ಲ?